ಓದುಗರ ಪ್ರಶ್ನೆ: ಬಾರ್ಬರೋಸಾನ ಅಜ್ಜಿಯೇ ಆಸ್ಟ್ರಿಯಾದ ಡ್ಯೂಕ್‌ನ ಅಮ್ಮ ಆಗಿದ್ದು ಹೇಗೆ?

ಮಧ್ಯಯುಗದ ಜರ್ಮನಿಯ ಬಗ್ಗೆ ಓದುವವರಿಗೆ ಈ ಗೊಂದಲ ಬಂದೇ ಬರುತ್ತದೆ. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾನ ಅಜ್ಜಿಯ ಹೆಸರು ಆಗ್ನೆಸ್. ಆಸ್ಟ್ರಿಯಾದ ಮೊದಲ ಡ್ಯೂಕ್ ಹೆನ್ರಿಯ ತಾಯಿಯ ಹೆಸರೂ ಆಗ್ನೆಸ್. ಇಬ್ಬರೂ ಒಬ್ಬರೇನಾ? ಹಾಗಿದ್ದರೆ ಈ ಹೆನ್ರಿ ಬಾರ್ಬರೋಸಾನಿಗೆ ಏನಾಗಬೇಕು?

ಹೌದು, ಇಬ್ಬರೂ ಒಬ್ಬಳೇ. ಇತಿಹಾಸದಲ್ಲಿ ಅವಳನ್ನು ವೈಬ್ಲಿಂಗೆನ್‌ನ ಆಗ್ನೆಸ್ ಎಂದು ಕರೆಯುತ್ತಾರೆ. ಹೆನ್ರಿ ಬಾರ್ಬರೋಸಾನಿಗೆ ಚಿಕ್ಕಪ್ಪ. ಇಂಗ್ಲಿಷ್ ಪುಸ್ತಕಗಳು ಎಲ್ಲರನ್ನೂ ಅಂಕಲ್, ಕಸಿನ್ ಅಂತ ಬರೆದುಬಿಡುತ್ತವೆ. ಅಲ್ಲೇ ದಾರಿ ತಪ್ಪುವುದು. ಕನ್ನಡದ ಸಂಬಂಧವಾಚಕಗಳಲ್ಲಿ ಹೇಳಿನೋಡಿ, ಅರ್ಧ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. ಉಳಿದ ಅರ್ಧಕ್ಕೆ ಒಂದೇ ಉಪಾಯ. ವಂಶವೃಕ್ಷವನ್ನು ಅಪ್ಪಂದಿರಿಂದ ಶುರು ಮಾಡಬೇಡಿ, ಈ ತಾಯಿಯಿಂದ ಶುರು ಮಾಡಿ.

ಆಗ್ನೆಸ್ ಹುಟ್ಟಿದ್ದು 1072ರ ಕೊನೆಗೋ 1073ರ ಶುರುವಿಗೋ. ತಂದೆ ಸೇಲಿಯನ್ ವಂಶದ ಚಕ್ರವರ್ತಿ ನಾಲ್ಕನೇ ಹೆನ್ರಿ, ತಾಯಿ ಸವಾಯ್‌ನ ಬರ್ತಾ. ಅಪ್ಪನ ಅಮ್ಮ ಚಕ್ರವರ್ತಿನಿ ಆಗ್ನೆಸ್, ಅಜ್ಜಿಯ ಹೆಸರೇ ಮೊಮ್ಮಗಳಿಗೂ. ನಮ್ಮ ಮನೆಗಳಲ್ಲೂ ಹೀಗೇ ಅಲ್ವಾ? ಆದರೆ ಅಲ್ಲಿ ಅದೇ ಹೆಸರುಗಳು ಎಷ್ಟು ಸಲ ಬರುತ್ತವೆ ಅಂದರೆ ತಲೆ ತಿರುಗುತ್ತದೆ. ಇವಳ ಅಪ್ಪ ಹೆನ್ರಿ, ತಮ್ಮ ಹೆನ್ರಿ, ಒಬ್ಬ ಮಗ ಹೆನ್ರಿ. ಗಂಡ ಫ್ರೆಡರಿಕ್, ಮಗ ಫ್ರೆಡರಿಕ್, ಮೊಮ್ಮಗ ಫ್ರೆಡರಿಕ್. ಒಬ್ಬ ಮಗಳು ಮತ್ತೆ ಆಗ್ನೆಸ್.

ಆಗ ಅವಳ ಅಪ್ಪನ ಕಾಲ ಚೆನ್ನಾಗಿರಲಿಲ್ಲ. ಪೋಪ್ ಜೊತೆ ಜಗಳ, ಬಹಿಷ್ಕಾರ. 1077ರ ಚಳಿಗಾಲದಲ್ಲಿ ಆಲ್ಪ್ಸ್ ದಾಟಿ ಕನೋಸಾ ಕೋಟೆಯ ಬಾಗಿಲಲ್ಲಿ ನಿಂತು ಕ್ಷಮೆ ಕೇಳಿ ಬಂದಿದ್ದ. ಅದೇ ವರ್ಷ ಅವನ ವಿರೋಧಿಗಳು ನೈಋತ್ಯ ಜರ್ಮನಿಯ ಸ್ವಾಬಿಯಾ ಪ್ರಾಂತದ ಡ್ಯೂಕ್ ರುಡಾಲ್ಫ್‌ನನ್ನೇ ರಾಜ ಅಂತ ಆರಿಸಿಬಿಟ್ಟರು. ಹೆನ್ರಿಗೆ ಸ್ವಾಬಿಯಾದಲ್ಲಿ ತನ್ನವನೊಬ್ಬ ಬೇಕಿತ್ತು. ಸ್ಟೌಫೆನ್ ಮನೆತನದ ಫ್ರೆಡರಿಕ್ ಸಿಕ್ಕಿದ. 1079ರಲ್ಲಿ ರೇಗೆನ್ಸ್‌ಬುರ್ಗ್ ಊರಲ್ಲಿ ಅವನಿಗೆ ಸ್ವಾಬಿಯಾವನ್ನೂ ಕೊಟ್ಟ, ಮಗಳನ್ನೂ ಗೊತ್ತು ಮಾಡಿದ. ಹುಡುಗಿಗೆ ಆಗ ಆರೋ ಏಳೋ ವರ್ಷ. ಅವಳು ಸಂಸಾರಕ್ಕೆ ಹೋಗಿದ್ದು ಕೆಲವು ವರ್ಷ ಕಳೆದ ಮೇಲೆ. ಆಮೇಲೆ ಸಾಮ್ರಾಜ್ಯವನ್ನೇ ಆಳಿದ ಸ್ಟೌಫೆನ್ ಮನೆತನಕ್ಕೆ ರಾಜರಕ್ತ ಬಂದಿದ್ದು ಇವಳಿಂದ. ಅವರು ಹಕ್ಕು ಕೇಳಿದಾಗಲೆಲ್ಲ ಅಪ್ಪನ ಕಡೆಯನ್ನಲ್ಲ, ಈ ತಾಯಿಯ ಕಡೆಯನ್ನು ತೋರಿಸಬೇಕಿತ್ತು. ಈ ಮದುವೆಯಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಇಬ್ಬರ ಹೆಸರು ನೆನಪಿಟ್ಟುಕೊಳ್ಳಿ: ಫ್ರೆಡರಿಕ್ ಮತ್ತು ಕಾನ್ರಾಡ್. ಈ ಫ್ರೆಡರಿಕ್‌ನ ಮಗನೇ ಬಾರ್ಬರೋಸಾ.

1105ರಲ್ಲಿ ಗಂಡ ತೀರಿಕೊಂಡ. ಅದೇ ವರ್ಷ ಅವಳ ತಮ್ಮ, ಮುಂದೆ ಐದನೇ ಹೆನ್ರಿ ಆದವನು, ಅಪ್ಪನ ಮೇಲೇ ದಂಡೆತ್ತಿದ್ದ. ರೇಗೆನ್ಸ್‌ಬುರ್ಗ್ ಹತ್ತಿರ ರೇಗೆನ್ ನದಿಯ ಎರಡು ದಡದಲ್ಲಿ ಅಪ್ಪ, ಮಗ ಸೈನ್ಯ ನಿಲ್ಲಿಸಿಕೊಂಡು ಕೂತರು. ಆಗ ಅಪ್ಪನ ಕಡೆಯಿಂದ ಕೈಬಿಟ್ಟು ಹೋದವರಲ್ಲಿ ಒಬ್ಬ ಆಸ್ಟ್ರಿಯಾದ ಗಡಿನಾಡಿನ ಒಡೆಯ, ಬಾಬೆನ್‌ಬರ್ಗ್ ಮನೆತನದ ಮೂರನೇ ಲಿಯೋಪೋಲ್ಡ್. ಅಲ್ಲಿಗೆ ಮುದಿ ಚಕ್ರವರ್ತಿಯ ಕತೆ ಮುಗಿಯಿತು. ಮರುವರ್ಷ, 1106ರಲ್ಲಿ, ತಮ್ಮ ಈ ಅಕ್ಕನನ್ನು ಅದೇ ಲಿಯೋಪೋಲ್ಡ್‌ಗೆ ಕೊಟ್ಟು ಮದುವೆ ಮಾಡಿದ. ಅಪ್ಪನ ಕೈಬಿಟ್ಟವನ ಮನೆಗೆ ಮಗಳು. ಆ ಸಾಲು ಓದಿದಾಗ ನನಗೆ ಪ್ರತಿಸಲ ಹೊಟ್ಟೆ ಚುರ್ ಅನ್ನುತ್ತದೆ. ಅಪ್ಪ ಆ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡ.

ಆಸ್ಟ್ರಿಯಾದಲ್ಲಿ ಮಾತ್ರ ಜನ ಈ ದಂಪತಿಯನ್ನು ಪ್ರೀತಿಯಿಂದ ನೆನೆಯುತ್ತಾರೆ. ವಿಯೆನ್ನಾ ಪಕ್ಕದ ಕ್ಲೋಸ್ಟರ್‌ನಾಯ್‌ಬುರ್ಗ್ ಮಠದ ಕತೆ ಹೀಗಿದೆ. ಮದುವೆಯಾದ ಹೊಸತರಲ್ಲಿ ಗಾಳಿಗೆ ಆಗ್ನೆಸ್‌ಳ ಮುಸುಕು ಹಾರಿಹೋಯಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಒಂಬತ್ತು ವರ್ಷದ ಮೇಲೆ ಲಿಯೋಪೋಲ್ಡ್ ಬೇಟೆಗೆ ಹೋದಾಗ ಎಲ್ಡರ್ ಗಿಡವೊಂದರ ಮೇಲೆ ಅದು ಒಂಚೂರೂ ಹರಿಯದೆ ಕೂತಿತ್ತು. ಅಲ್ಲೇ ಮಠ ಕಟ್ಟಿಸಿದ. ಈ ಕತೆ ಬರಹಕ್ಕೆ ಬಂದಿದ್ದು ಬಹಳ ಕಾಲ ಆದ ಮೇಲೆ, ಹಾಗಾಗಿ ಇತಿಹಾಸ ಅಂತ ಒಪ್ಪಲಾಗದು. ಲಿಯೋಪೋಲ್ಡ್ 1114ರಲ್ಲಿ ಅಲ್ಲಿ ಹೊಸ ಚರ್ಚಿಗೆ ಅಡಿಗಲ್ಲು ಹಾಕಿಸಿದ್ದು ಮಾತ್ರ ನಿಜ. ಆ ಗಿಡವನ್ನೇ ಕುಸುರಿ ಕೆಲಸದಲ್ಲಿ ಮಾಡಿಸಿದ ಪೂಜಾಪಾತ್ರೆ ಇವತ್ತಿಗೂ ಮಠದ ಭಂಡಾರದಲ್ಲಿದೆ. ಲಿಯೋಪೋಲ್ಡ್‌ನನ್ನು ಚರ್ಚ್ 1485ರಲ್ಲಿ ಸಂತ ಎಂದು ಸಾರಿತು.

ಎರಡನೇ ಮದುವೆಯಲ್ಲಿ 18 ಮಕ್ಕಳು ಹುಟ್ಟಿದರು, ಅದರಲ್ಲಿ ಏಳು ಚಿಕ್ಕಂದಿನಲ್ಲೇ ಹೋದವು ಎನ್ನುತ್ತವೆ ಹಳೆಯ ಬರಹಗಳು. ಎರಡನೇ ಸಲ ಮದುಮಗಳಾದಾಗ ಅವಳಿಗೆ 33ರ ಆಸುಪಾಸು. ಆ ಬಾಣಂತನಗಳನ್ನು ನೆನೆಸಿಕೊಂಡರೆ ಎದೆ ಭಾರವಾಗುತ್ತದೆ. ಬದುಕುಳಿದವರಲ್ಲಿ ನಾಲ್ಕನೇ ಲಿಯೋಪೋಲ್ಡ್, ಯಾಸೊಮಿರ್ಗಾಟ್ ಎಂಬ ಅಡ್ಡಹೆಸರಿನ ಹೆನ್ರಿ (ನಿಮ್ಮ ಪ್ರಶ್ನೆಯ ಡ್ಯೂಕ್ ಇವನೇ), ಫ್ರೈಸಿಂಗ್‌ನ ಬಿಷಪ್ ಆದ ಓಟೋ ಇದ್ದರು. ಹೆಣ್ಣುಮಕ್ಕಳು ಬೊಹೀಮಿಯಾ, ಪೋಲೆಂಡ್, ಇಟಲಿಯ ಮಾಂಟ್‌ಫೆರಾಟ್‌ಗೆ ಸೊಸೆಯಂದಿರಾಗಿ ಹೋದರು.

1125ರಲ್ಲಿ ತಮ್ಮ ಐದನೇ ಹೆನ್ರಿ ಮಕ್ಕಳಿಲ್ಲದೆ ಸತ್ತ. ಮುಂದಿನ ರಾಜ ಯಾರು ಅಂತ ಮೈನ್ಸ್‌ನಲ್ಲಿ ಸಭೆ ಸೇರಿದಾಗ ಮುಂದಿದ್ದ ಹೆಸರುಗಳು ಮೂರು. ಒಬ್ಬ ಆಗ್ನೆಸ್‌ಳ ಮೊದಲ ಮಗ ಫ್ರೆಡರಿಕ್, ಇನ್ನೊಬ್ಬ ಆಗ್ನೆಸ್‌ಳ ಎರಡನೇ ಗಂಡ ಲಿಯೋಪೋಲ್ಡ್, ಮೂರನೆಯವನು ಸ್ಯಾಕ್ಸನಿಯ ಲೋಥಾರ್. ಮಲತಂದೆ, ಮಲಮಗ ಒಂದೇ ಪಟ್ಟಿಯಲ್ಲಿ! ಗೆದ್ದಿದ್ದು ಲೋಥಾರ್. ಆದರೆ ಅವನು ಸತ್ತ ಮೇಲೆ 1138ರಲ್ಲಿ ಆಗ್ನೆಸ್‌ಳ ಇನ್ನೊಬ್ಬ ಮಗ ಕಾನ್ರಾಡ್ ರಾಜನಾದ. ಮರುವರ್ಷವೇ ಆಸ್ಟ್ರಿಯಾ ಪಕ್ಕದ ಬವೇರಿಯಾ ಪ್ರಾಂತವನ್ನು ಎದುರಾಳಿ ವೆಲ್ಫ್ ಮನೆತನದಿಂದ ಕಿತ್ತು ತಾಯಿಯ ಎರಡನೇ ಮದುವೆಯ ಮಗ, ಆಸ್ಟ್ರಿಯಾದ ನಾಲ್ಕನೇ ಲಿಯೋಪೋಲ್ಡ್‌ಗೆ ಕೊಟ್ಟ. ಅವನು ಸತ್ತ ಮೇಲೆ ಅದು ಹೆನ್ರಿಗೆ ಹೋಯಿತು. ಸುಮ್ನೆ ಅಲ್ಲ. ಅಪ್ಪ ಬೇರೆಯಾದರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

ಆಗ್ನೆಸ್ 1143ರ ಸೆಪ್ಟೆಂಬರ್ 24ರಂದು ತೀರಿಕೊಂಡಳು. ಸಮಾಧಿ ಕ್ಲೋಸ್ಟರ್‌ನಾಯ್‌ಬುರ್ಗ್‌ನಲ್ಲೇ. 15ನೇ ಶತಮಾನದ ಕೊನೆಯಲ್ಲಿ ಅದೇ ಮಠ ಬಾಬೆನ್‌ಬರ್ಗ್ ವಂಶವೃಕ್ಷದ ದೊಡ್ಡ ಚಿತ್ರ ಬರೆಸಿತು. ನಡುವಿನ ಹಲಗೆಯಲ್ಲಿ ಗಂಡಸರು, ಪ್ರತಿಯೊಬ್ಬನಿಗೂ ಒಂದೊಂದು ಕತೆ. ಹೆಂಗಸರು ಎಲ್ಲಾ ಅಕ್ಕಪಕ್ಕದ ರೆಕ್ಕೆಗಳಲ್ಲಿ ಸಾಲಾಗಿ ಇದ್ದಾರೆ. ಚಿತ್ರ ಸುಂದರವಾಗಿದೆ, ಆದರೆ ಆಗ್ನೆಸ್ ಇರಬೇಕಾದ ಜಾಗ ಅದಲ್ಲ ಅಂತಲೇ ನನ್ನ ಅಭಿಪ್ರಾಯ.

ಈಗ ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಬರೋಣ. 1152ರಲ್ಲಿ ಬಾರ್ಬರೋಸಾ ರಾಜನಾದ. ಬವೇರಿಯಾಕ್ಕಾಗಿ ಇಬ್ಬರು ಅವನ ಮುಂದೆ ನಿಂತರು. ಹೆನ್ರಿ ಯಾಸೊಮಿರ್ಗಾಟ್ ಅವನ ಚಿಕ್ಕಪ್ಪ. ವೆಲ್ಫ್ ಮನೆತನದ ಸಿಂಹ ಹೆನ್ರಿ ಅವನ ಸೋದರಮಾವನ ಮಗ. ಇಬ್ಬರನ್ನೂ ಬಿಡುವಂತಿಲ್ಲ. ನಾಲ್ಕು ವರ್ಷ ಮಾತುಕತೆ ನಡೆದ ಮೇಲೆ, 1156ರ ಸೆಪ್ಟೆಂಬರ್‌ನಲ್ಲಿ, ಅದೇ ರೇಗೆನ್ಸ್‌ಬುರ್ಗ್‌ನಲ್ಲಿ ಇತ್ಯರ್ಥವಾಯಿತು. ಚಿಕ್ಕಪ್ಪ ಬವೇರಿಯಾದ ಗುರುತಾದ ಏಳು ಬಾವುಟಗಳನ್ನು ಬಿಟ್ಟುಕೊಟ್ಟ. ಅವು ಸಿಂಹ ಹೆನ್ರಿಗೆ ಹೋದವು. ಅವನು ಎರಡನ್ನು ವಾಪಸ್ ಕೊಟ್ಟ. ಚಕ್ರವರ್ತಿ ಆ ಎರಡು ಬಾವುಟಗಳೊಂದಿಗೆ ಆಸ್ಟ್ರಿಯಾವನ್ನು ಡ್ಯೂಕ್‌ಗಿರಿ ಮಾಡಿ ಚಿಕ್ಕಪ್ಪನಿಗೂ ಅವನ ಹೆಂಡತಿ ಥಿಯೋಡೋರಾಳಿಗೂ ಸೇರಿಸಿ ಕೊಟ್ಟ. ಮುಂದೆ ಅವರ ಮಕ್ಕಳು, ಗಂಡಾಗಲಿ ಹೆಣ್ಣಾಗಲಿ, ಅದಕ್ಕೆ ಹಕ್ಕುದಾರರು ಎಂದು ಪತ್ರದಲ್ಲಿ ಬರೆಸಿದ.

ಬಾವುಟಗಳನ್ನು ಎಣಿಸಿ ಬರೆದಿಟ್ಟವನು ಫ್ರೈಸಿಂಗ್‌ನ ಓಟೋ. ಕೊಟ್ಟವನು ಆಗ್ನೆಸ್‌ಳ ಮೊಮ್ಮಗ, ತೆಗೆದುಕೊಂಡವನು ಮಗ, ಬರೆದವನು ಇನ್ನೊಬ್ಬ ಮಗ.