ಎಫ್‌ಎಸ್‌ಸಿಕೆ ಕೇಳಿದ್ದಕ್ಕೆಲ್ಲ ‘ವೈ’ ಒತ್ತಿಬಿಡ್ಲಾ?

ಪ್ರಶ್ನೆ: ಕರೆಂಟ್ ಹೋಗಿ ಬಂದ್ಮೇಲೆ ನಮ್ಮ ಲಿನಕ್ಸ್ ಸರ್ವರ್ ಬೂಟ್ ಆಗ್ತಿಲ್ಲ, ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಮ್ ಚೆಕ್ ಮಾಡೋ ಟೂಲ್) ನೀವೇ ರನ್ ಮಾಡಿ ಅಂತಿದೆ. ಅದು ಕೇಳೋ ಎಲ್ಲಾದಕ್ಕೂ ವೈ (ಯೆಸ್) ಕೊಟ್ರೆ ಡೇಟಾ ವಾಪಸ್ ಬರುತ್ತಾ?

ತಡೀರಿ, ಈಗ್ಲೇ ಒತ್ಬೇಡಿ. ಎಫ್‌ಎಸ್‌ಸಿಕೆ ಇರೋದು ಫೈಲ್ ಉಳಿಸೋಕೆ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಆದ್ರೆ ಅದು ನೋಡೋದು ಫೈಲ್‌ಸಿಸ್ಟಮ್ ಲೆಕ್ಕ, ಅಂದ್ರೆ ಡಿಸ್ಕಲ್ಲಿ ಯಾವ ಫೈಲ್ ಎಲ್ಲಿದೆ ಅನ್ನೋ ಲೆಕ್ಕ, ತಾಳೆ ಆಗುತ್ತಾ ಅನ್ನೋದಷ್ಟೇ, ತಾಳೆ ಆಗದೇ ಇರೋ ಐನೋಡ್ (ಒಂದೊಂದು ಫೈಲಿನ ವಿವರ ಇರೋ ದಾಖಲೆ) ಸಿಕ್ಕಿದ್ರೆ ತಿದ್ದಿಯೋ ಅಳಿಸಿಯೋ ಮುಂದಕ್ಕೆ ಹೋಗ್ತಾ ಇರುತ್ತೆ, ಅದ್ರಲ್ಲಿ ನಿಮ್ಮ ಡೇಟಾಬೇಸ್ ಇತ್ತಾ ಹಳೇ ಲಾಗ್ ಇತ್ತಾ ಅದಕ್ಕೇನು ಗೊತ್ತು. ಮಾಡಿದ್ದಕ್ಕೆ ಅನ್‌ಡೂ ಬೇರೆ ತಾನಾಗೇ ಇರಲ್ಲ.

ಮೊದ್ಲು ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಕರ್ನಲ್ (ಓಎಸ್‌ನ ತಿರುಳು) ಕೊಡೋ ಮೆಸೇಜ್ ನೋಡಿ. ಐ/ಒ ಎರರ್ (ಡಿಸ್ಕ್ ಓದೋಕೆ ಬರೆಯೋಕೆ ಆಗದ ಎರರ್) ಸಾಲುಸಾಲಾಗಿ ಬರ್ತಿದ್ರೆ ಸಾಮಾನ್ಯವಾಗಿ ಡಿಸ್ಕೇ ಸಾಯ್ತಿದೆ ಅಂತ, ಅಂಥ ಡಿಸ್ಕ್ ಮೇಲೆ ರಿಪೇರಿ ಓಡಿಸೋದು ಶುದ್ಧ ತಪ್ಪು. ಎರರ್ ಇರ್ಲಿ ಬಿಡ್ಲಿ, ಅಷ್ಟೇ ದೊಡ್ಡದೋ ಇನ್ನೂ ದೊಡ್ಡದೋ ಇರೋ ಬೇರೆ ಡಿಸ್ಕಿಗೆ ಡಿಡಿರೆಸ್ಕ್ಯೂ ಅನ್ನೋ ಕಾಪಿ ಟೂಲಲ್ಲಿ ಪೂರ್ತಿ ಇಮೇಜ್ (ಇಡೀ ಡಿಸ್ಕಿನ ತದ್ರೂಪು ಕಾಪಿ) ತಗೊಳ್ಳಿ, ಮ್ಯಾಪ್‌ಫೈಲ್ (ಎಲ್ಲೀವರೆಗೆ ಓದಾಯ್ತು ಅಂತ ಬರೆದಿಡೋ ಫೈಲ್) ಹೆಸ್ರು ಕೊಡೋದು ಮರೀಬೇಡಿ, ಡಿಡಿರೆಸ್ಕ್ಯೂ ಮೊದ್ಲು ಚೆನ್ನಾಗಿ ಓದೋಕಾಗೋ ಭಾಗ ಎಳ್ಕೊಂಡು ಆಮೇಲೆ ಕೆಟ್ಟ ಜಾಗಕ್ಕೆ ಕೈ ಹಾಕುತ್ತೆ, ಮಧ್ಯ ನಿಂತ್ರೂ ಅಲ್ಲಿಂದ್ಲೇ ಮುಂದುವರಿಸ್ಬೋದು. ಇನ್ನು ಎಲ್ಲಾ ಆಟ ಆ ಕಾಪಿ ಮೇಲೆ.

ನಿಮ್ಮ ಫೈಲ್‌ಸಿಸ್ಟಮ್ ಎಕ್ಸ್ಟ್4 ಆದ್ರೆ ಫಸ್ಟ್ ‘ಎನ್’ ಆಪ್ಶನ್ ಕೊಟ್ಟು ಎಫ್‌ಎಸ್‌ಸಿಕೆ ಓಡಿಸಿ, ಏನನ್ನೂ ಬರೆಯದೆ ಬರೀ ದೂರು ಹೇಳುತ್ತೆ. ಸೂಪರ್‌ಬ್ಲಾಕೇ (ಫೈಲ್‌ಸಿಸ್ಟಮ್‌ನ ಮೂಲ ವಿವರ ಇರೋ ಬ್ಲಾಕ್) ಹೋಗಿದ್ರೂ ಗಾಬರಿ ಬೇಡ, ಬ್ಯಾಕಪ್ ಕಾಪಿಗಳಿರ್ತವೆ, 4 ಕೆಬಿ ಬ್ಲಾಕ್ ಇದ್ರೆ ಸಾಮಾನ್ಯವಾಗಿ ಮೊದಲನೇದು 32768ರಲ್ಲಿ, ಆಮೇಲೆ 98304ರಲ್ಲಿ. ‘ಬಿ’ ಆಪ್ಶನ್ ಜೊತೆ ಆ ನಂಬರ್ ಕೊಟ್ರೆ ಸಾಕು. ಎಕ್ಸ್‌ಎಫ್‌ಎಸ್ ಅನ್ನೋ ಇನ್ನೊಂದು ಫೈಲ್‌ಸಿಸ್ಟಮ್ ಆದ್ರೆ ಕಥೆ ಬೇರೆ, ಅದಕ್ಕೆ ಎಕ್ಸ್‌ಎಫ್‌ಎಸ್ ರಿಪೇರಿ ಅನ್ನೋ ಟೂಲೇ ಬೇಕು, ಮೊದ್ಲು ಒಂದ್ಸಲ ಮೌಂಟ್ ಮಾಡಿ (ಸಿಸ್ಟಮ್‌ಗೆ ಜೋಡಿಸಿ) ಲಾಗ್ ರಿಪ್ಲೇ ಆಗೋಕೆ, ಅಂದ್ರೆ ಅರ್ಧಕ್ಕೆ ನಿಂತ ಬದಲಾವಣೆ ಪೂರ್ತಿ ಆಗೋಕೆ, ಬಿಡಿ. ದೊಡ್ಡ ‘ಎಲ್’ ಆಪ್ಶನ್ ಆ ಲಾಗನ್ನೇ ಒರೆಸಿ ಹಾಕುತ್ತೆ, ಮೌಂಟೇ ಆಗ್ಲಿಲ್ಲ ಅಂದ್ರೆ ಮಾತ್ರ ಬಳಸಿ.

ರಿಪೇರಿ ಆದ್ಮೇಲೆ ಲಾಸ್ಟ್+ಫೌಂಡ್ ಫೋಲ್ಡರಲ್ಲಿ ಹೆಸ್ರು ಕಳ್ಕೊಂಡು ಬರೀ ನಂಬರ್ ಇರೋ ಫೈಲ್ ರಾಶಿ ಬಿದ್ದಿರುತ್ತೆ, ‘ಫೈಲ್’ ಕಮಾಂಡ್ ಓಡಿಸಿದ್ರೆ ಯಾವ್ದು ಫೋಟೋ ಯಾವ್ದು ಜಿಪ್ ಅಂತಾದ್ರೂ ತಿಳಿಯುತ್ತೆ, ಬೇಜಾರಿನ ಕೆಲ್ಸ. ಮೈಎಸ್‌ಕ್ಯೂಎಲ್ ಏಳ್ತಿಲ್ಲ ಅಂದ್ರೆ ಅದರ ಇನ್ನೋಡಿಬಿ ಫೋರ್ಸ್ ರಿಕವರಿ ಅನ್ನೋ ಸೆಟ್ಟಿಂಗ್ 1ರಿಂದ ಶುರು ಮಾಡಿ ಒಂದೊಂದೇ ಏರಿಸಿ, ಎದ್ದ ತಕ್ಷಣ ಡಂಪ್ (ಡೇಟಾಬೇಸಿನ ಪೂರ್ತಿ ಕಾಪಿ) ತಗೊಳ್ಳಿ, 4 ಅಥ್ವಾ ಅದಕ್ಕಿಂತ ಮೇಲೆ ಹೋದ್ರೆ ಡೇಟಾಗೇ ಶಾಶ್ವತ ಹಾನಿ ಆಗ್ಬೋದು. ಡೇಟಾ ಕೈಗೆ ಬಂತಾ, ಹಳೇ ಓಎಸ್ ಮತ್ತೆ ಓಡಿಸೋಕೆ ಹೋಗ್ಬೇಡಿ, ಫ್ರೆಶ್ ಇನ್‌ಸ್ಟಾಲ್ ಮಾಡಿ, ಡಿಸ್ಕಲ್ಲಿ ಎರರ್ರೇ ಕಾಣ್ಲಿಲ್ಲ ಅಂದ್ರೆ ಅದಕ್ಕೂ ಮುಂಚೆ ಒಂದು ರಾತ್ರಿ ಮೆಮ್‌ಟೆಸ್ಟ್ (ರ್‍ಯಾಮ್ ಪರೀಕ್ಷೆ ಮಾಡೋ ಟೂಲ್) ಓಡೋಕೆ ಬಿಡಿ, ಕೆಟ್ಟ ರ್‍ಯಾಮ್ ಇದ್ರೂ ಹಿಂಗೇ ಆಗುತ್ತೆ.