300 ಕಿಲೋಮೀಟರ್‌ಗೆ ಒಂದು ಗಂಟೆ ಯಾಕೆ?

ಎರಡು ಸಣ್ಣ ವಿಮಾನ ನಿಲ್ದಾಣಗಳು. ನಡುವೆ 300 ಕಿಲೋಮೀಟರ್. ಇಂಥ ಕಡೆ ಜಾಸ್ತಿ ಓಡಾಡುವುದು ಪ್ರೊಪೆಲರ್ ಇರುವ ಎಟಿಆರ್‌ನಂಥ ವಿಮಾನ. ಅದರ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಭಾಗಿಸಿದರೆ 36 ನಿಮಿಷ. ಟಿಕೆಟ್ ನೋಡಿದರೆ ಒಂದು ಗಂಟೆ, ಒಮ್ಮೊಮ್ಮೆ ಇನ್ನೂ ಜಾಸ್ತಿ. ಮಿಕ್ಕ ಸಮಯ ಎಲ್ಲಿ ಹೋಯಿತು?

ಭೂಮಿ ದುಂಡಗಿರುವುದಕ್ಕೆ ದೂರ ಹೆಚ್ಚಾಯಿತೇ ಅಂತ ಅನುಮಾನ ಬರಬಹುದು. ಇಲ್ಲ. ಈ ಎರಡು ಊರುಗಳ ನಡುವೆ ನೆಲದೊಳಗೆ ನೇರವಾಗಿ ಸುರಂಗ ಕೊರೆದರೂ ಉಳಿಯುವುದು ಬರೀ 28 ಮೀಟರ್! ಖಂಡ ದಾಟುವ ವಿಮಾನಗಳಿಗೆ ಈ ದುಂಡುತನ ದೊಡ್ಡ ಲೆಕ್ಕ. ಇಲ್ಲಿ ಏನೂ ಅಲ್ಲ.

ಸಮಯ ತಿನ್ನುವುದು ದಾರಿಯ ಎರಡು ತುದಿಗಳು. ವೇಳಾಪಟ್ಟಿಯ ಗಡಿಯಾರ ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ, ನಿಲ್ಲುವುದು ಆ ಕಡೆ ಹೋಗಿ ನಿಂತಾಗ. ಇದನ್ನು ಬ್ಲಾಕ್ ಟೈಮ್ ಅನ್ನುತ್ತಾರೆ. ರನ್‌ವೇ ತನಕ ನಿಧಾನವಾಗಿ ಉರುಳುವುದು, ಸರದಿಗೆ ಕಾಯುವುದು ಎಲ್ಲವೂ ಇದರಲ್ಲೇ ಸೇರುತ್ತದೆ. ವಿಮಾನ ಮೇಲೇಳುವುದು ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ಹೋಗಬೇಕಾದ ಊರು ಪಶ್ಚಿಮಕ್ಕಿದ್ದು ಗಾಳಿ ಪೂರ್ವದಿಂದ ಬೀಸುತ್ತಿದ್ದರೆ, ಮೊದಲು ಪೂರ್ವಕ್ಕೆ ಹಾರಿ ಆಮೇಲೆ ತಿರುಗಬೇಕು.

ಇಳಿಯುವುದು ಇನ್ನೂ ಸ್ವಾರಸ್ಯ. ಪೈಲಟ್‌ಗಳ ಬಾಯಿಲೆಕ್ಕ ಒಂದಿದೆ: ಪ್ರತಿ 1000 ಅಡಿ ಇಳಿಯಲು 3 ನಾಟಿಕಲ್ ಮೈಲಿ ಬೇಕು. ಒಂದು ನಾಟಿಕಲ್ ಮೈಲಿ ಅಂದರೆ 1852 ಮೀಟರ್. ವಿಮಾನ 18,000 ಅಡಿ ಎತ್ತರದಲ್ಲಿದ್ದರೆ 54 ನಾಟಿಕಲ್ ಮೈಲಿ, ಅಂದರೆ ಸರಿಯಾಗಿ 100 ಕಿಲೋಮೀಟರ್ ಮೊದಲೇ ಇಳಿಯಲು ತೊಡಗಬೇಕು. ಒಟ್ಟು ದಾರಿಯ ಮೂರನೇ ಒಂದು ಭಾಗ! ಕಿಟಕಿ ಪಕ್ಕ ಕೂತಿದ್ದರೆ ಆ ಗಳಿಗೆ ನಿಮಗೇ ಗೊತ್ತಾಗುತ್ತದೆ. ಎಂಜಿನ್ ಸದ್ದು ತಗ್ಗುತ್ತದೆ, ಮೂಗು ಸ್ವಲ್ಪ ಬಾಗುತ್ತದೆ, ಸ್ವಲ್ಪ ಹೊತ್ತಿಗೆ ಕಿವಿ ಕಟ್ಟುತ್ತದೆ. ಈಗ ತಾನೇ ಮೇಲೆ ಬಂದೆವಲ್ಲ ಅನ್ನಿಸುತ್ತದೆ, ಅಲ್ವಾ? ಆ ಅನಿಸಿಕೆ ಸುಳ್ಳಲ್ಲ. ಪೂರ್ತಿ ವೇಗದಲ್ಲಿ ಸಮನಾಗಿ ಹಾರುವುದು ನಡುವಿನ ಸ್ವಲ್ಪ ದೂರ ಮಾತ್ರ.

ಹಾಗಾದರೆ ಗಂಟೆಗೆ 800 ಕಿಲೋಮೀಟರ್ ಹೋಗುವ ಜೆಟ್ ಹಾಕಿದರೆ? ಭಾಗಾಕಾರದಲ್ಲಿ ಹದಿಮೂರೂವರೆ ನಿಮಿಷ ಉಳಿತಾಯ. ನಿಜದಲ್ಲಿ ಅಷ್ಟು ಸಿಗುವುದಿಲ್ಲ. ಹಲವು ದೇಶಗಳಲ್ಲಿ 10,000 ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ 463 ಕಿಲೋಮೀಟರ್ ಮೀರುವಂತಿಲ್ಲ. ಜೆಟ್‌ಗೆ ತನ್ನ ಓಟ ತೋರಿಸಲು ಜಾಗವೇ ಉಳಿಯುವುದಿಲ್ಲ. ಹತ್ತಿರದ ಊರುಗಳಿಗೆ ಕಡಿಮೆ ಇಂಧನ ಕುಡಿಯುವ ಪ್ರೊಪೆಲರ್ ವಿಮಾನವೇ ಜಾಣ ಆಯ್ಕೆ ಅಂತ ನನಗನ್ನಿಸುವುದು ಇದಕ್ಕೇ.

ಇನ್ನು ಗಾಳಿ. ಹೋಗುವಾಗ ಎದುರಾದ ಗಾಳಿ ಬರುವಾಗ ಹಿಂದಿನಿಂದ ತಳ್ಳುತ್ತದೆ, ಲೆಕ್ಕ ಸರಿಹೋಯಿತು ಅಂದುಕೊಳ್ಳುತ್ತೇವೆ. ಮಾಡಿ ನೋಡೋಣ. ಏರುವುದು ಇಳಿಯುವುದನ್ನು ಸದ್ಯಕ್ಕೆ ಬಿಡಿ. ಗಾಳಿ ಗಂಟೆಗೆ 100 ಕಿಲೋಮೀಟರ್ ಇದ್ದರೆ ಹೋಗುವಾಗ ವಿಮಾನದ ವೇಗ 400, ಹಿಡಿಯುವ ಸಮಯ 45 ನಿಮಿಷ. ಬರುವಾಗ 600, ಸಮಯ 30 ನಿಮಿಷ. ಒಟ್ಟು 75. ಗಾಳಿಯೇ ಇಲ್ಲದಿದ್ದರೆ 72 ಸಾಕಿತ್ತು. ಗಾಳಿ ಎರಡೂ ಸಲ ಅಷ್ಟೇ ಜೋರಾಗಿತ್ತು, ನಿಜ. ಆದರೆ ಅದು ತಡೆದದ್ದು 45 ನಿಮಿಷ, ತಳ್ಳಿದ್ದು ಬರೀ 30 ನಿಮಿಷ.