ಬ್ಯಾಂಡ್ ಸಾ ಗಾರ್ಡ್: ಎಷ್ಟು ಮುಚ್ಚಬೇಕು, ಬಾಗಿಲು ಯಾವಾಗ ತೆರೆಯಬೇಕು

ಬ್ಯಾಂಡ್ ಸಾ ಯಂತ್ರದ ಗಾರ್ಡ್‌ಗಳ ಪಾಠ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಮೇಲಿನ ಚಕ್ರ, ಮೋಟರಿಗೆ ಜೋಡಿಸಿದ ಕೆಳಗಿನ ಚಕ್ರ, ಎರಡನ್ನೂ ಸುತ್ತಿ ಬರುವ ಬ್ಲೇಡ್, ನಡುವೆ ಟೇಬಲ್, ಅದರ ಮೇಲೆ ಬ್ಲೇಡಿಗೆ ಆಸರೆ ಕೊಡುವ ಗೈಡ್. ಇಷ್ಟು ಗೊತ್ತಿದ್ದರೆ ಸಾಕು. ಗಾರ್ಡ್‌ಗಳ ಹೆಸರು ನೆನಪಿಡುವುದು ಕಷ್ಟವಲ್ಲ. ನನಗೆ ಹೆಚ್ಚು ಹೊತ್ತು ಹಿಡಿದದ್ದು ಚಕ್ರದ ಬಾಗಿಲಿನ ಲಾಕ್. ಬಾಗಿಲು ತೆರೆದ ಕೂಡಲೇ ಮೋಟರ್ ನಿಲ್ಲುತ್ತದೆ, ಮತ್ತೆ ಲಾಕ್ ಬೇರೆ ಯಾಕೆ? ಅದಕ್ಕೆ ಉತ್ತರ ಸಿಕ್ಕ ದಾರಿಯನ್ನು ಪೂರ್ತಿ ಬರೆದಿದ್ದೇನೆ, ಆ ಭಾಗ ಉದ್ದವಿದೆ.

ಮುಚ್ಚಬೇಕಾದದ್ದು ಎಷ್ಟು

ಮರಗೆಲಸದ ಯಂತ್ರಗಳಿಗೆ ಅಮೆರಿಕದಲ್ಲಿರುವ ಓಶಾ (ಕೆಲಸದ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ) ನಿಯಮ 1910.213. ಅದು ಬ್ಯಾಂಡ್ ಸಾ ಬಗ್ಗೆ ಹೇಳುವುದರ ಸಾರ ಇಷ್ಟು: ಗೈಡ್ ರೋಲರಿನ ಕೆಳತುದಿಯಿಂದ ಟೇಬಲ್‌ವರೆಗೆ ಕೊಯ್ಯುವ ಭಾಗವೊಂದನ್ನು ಬಿಟ್ಟು, ಬ್ಲೇಡಿನ ಉಳಿದ ಎಲ್ಲ ಭಾಗವೂ ಮುಚ್ಚಿರಬೇಕು. ಇದನ್ನು ಓದುವಾಗ ಟೇಬಲ್ಲಿನ ಕೆಳಭಾಗವನ್ನು ಮರೆಯಬೇಡಿ. ಬ್ಲೇಡ್ ಟೇಬಲ್ ದಾಟಿ ಕೆಳಗಿನ ಚಕ್ರದ ಪೆಟ್ಟಿಗೆಗೆ ಹೋಗುವ ಸ್ವಲ್ಪ ದೂರವೂ ಮುಚ್ಚಿರಬೇಕು. ಪುಡಿ ಗುಡಿಸಲು ಕೈ ಹೋಗುವ ಜಾಗ ಅದು.

ಚಕ್ರದ ಪೆಟ್ಟಿಗೆಯ ವಿಷಯದಲ್ಲಿ ಒಂದು ವ್ಯತ್ಯಾಸ ಇದೆ. ಮುಂದಿನ ಮತ್ತು ಹಿಂದಿನ ಮುಖಕ್ಕೆ ಜಾಲರಿ ಅಥವಾ ತೂತು ಹಾಕಿದ ತಗಡು ಆಗಬಹುದು. ತಗಡಿನ ದಪ್ಪ 0.037 ಇಂಚಿಗಿಂತ ಕಡಿಮೆ ಇರಬಾರದು, ತೂತು 3/8 ಇಂಚಿಗಿಂತ, ಅಂದರೆ ಸುಮಾರು 9.5 ಮಿಮೀಗಿಂತ ದೊಡ್ಡದಿರಬಾರದು. ಆದರೆ ಚಕ್ರದ ಸುತ್ತಳತೆಯ ಹೊರಗೋಡೆ ಮಾತ್ರ ಗಟ್ಟಿ ತಗಡೇ ಆಗಿರಬೇಕು, ಜಾಲರಿ ನಡೆಯುವುದಿಲ್ಲ. ಯಾಕೆಂದು ಯೋಚಿಸಿದರೆ ನೆನಪಿನಲ್ಲಿ ಉಳಿಯುತ್ತದೆ. ಮುಖದ ಕಡೆ ತಡೆಯಬೇಕಾದದ್ದು ಒಳಗೆ ಹೋಗುವ ಬೆರಳನ್ನು. ಸುತ್ತಳತೆಯ ಕಡೆ ತಡೆಯಬೇಕಾದದ್ದು ಹೊರಗೆ ಬರುವ ಬ್ಲೇಡನ್ನು. ಬ್ಲೇಡ್ ತುಂಡಾದರೆ ಅದರ ತುದಿ ಚಕ್ರದ ಅಂಚಿನಿಂದ ಹೊರಗಡೆಗೇ ಚಿಮ್ಮುತ್ತದೆ. ಒಂದೇ ಪೆಟ್ಟಿಗೆ, ಎರಡು ಬೇರೆ ಕೆಲಸ.

ಜಾಲರಿ ಎಷ್ಟು ದೂರದಲ್ಲಿರಬೇಕು ಎನ್ನುವುದಕ್ಕೆ ಐಎಸ್‌ಒ 13857 (ಅಂತರರಾಷ್ಟ್ರೀಯ ಮಾನದಂಡ) ಪಟ್ಟಿ ನೋಡಿ. 9.5 ಮಿಮೀ ಚೌಕ ತೂತಾದರೆ ಅಪಾಯದ ಭಾಗ ಕನಿಷ್ಠ 25 ಮಿಮೀ ಒಳಗಿರಬೇಕು. ಅದೇ ಅಗಲದ ಉದ್ದ ಸೀಳಾದರೆ 80 ಮಿಮೀ ಬೇಕು. ಸೀಳಿನಲ್ಲಿ ಬೆರಳುಗಳು ಸಾಲಾಗಿ ಇನ್ನೂ ಒಳಗೆ ಹೋಗುತ್ತವೆ ಅಲ್ವಾ, ಅದಕ್ಕೆ.

ಗೈಡ್ ಮೇಲಿನ ಗಾರ್ಡನ್ನು ಇಳಿಸುವವರು ಯಾರು

ಮೇಲಿನ ಚಕ್ರದ ಪೆಟ್ಟಿಗೆಯಿಂದ ಗೈಡ್‌ವರೆಗೆ ಬ್ಲೇಡಿನ ಮುಂದೆ ಮತ್ತು ಹೊರಪಕ್ಕದಲ್ಲಿ ಒಂದು ಗಾರ್ಡ್ ಇರುತ್ತದೆ. ಗೈಡ್ ಮೇಲೆ ಹೋದರೆ ಅದೂ ಹೋಗುತ್ತದೆ, ಗೈಡ್ ಇಳಿದರೆ ಅದೂ ಇಳಿಯುತ್ತದೆ. ಹಾಗಾಗಿ ಇದು ತಾನಾಗಿಯೇ ಹೊಂದಿಕೊಳ್ಳುವ ಗಾರ್ಡ್ ಎಂದು ನಿಯಮವೇ ಹೇಳುತ್ತದೆ. ಅದನ್ನು ಪೂರ್ತಿ ಅರ್ಥದಲ್ಲಿ ತೆಗೆದುಕೊಂಡರೆ ಕಷ್ಟ. ವೃತ್ತಾಕಾರದ ಗರಗಸದಲ್ಲಿ ಕೆಲವು ಗಾರ್ಡ್‌ಗಳನ್ನು ಜಾಬ್, ಅಂದರೆ ಕೊಯ್ಯುವ ತುಂಡು, ತಾನೇ ಎತ್ತುತ್ತದೆ, ಜಾಬ್ ಹೋದ ಮೇಲೆ ಅವು ತಾವೇ ಇಳಿಯುತ್ತವೆ. ಇಲ್ಲಿ ಹಾಗಿಲ್ಲ. ಗಾರ್ಡ್ ಗೈಡನ್ನು ಹಿಂಬಾಲಿಸುತ್ತದೆ, ಆದರೆ ಗೈಡ್ ಜಾಬನ್ನು ಹಿಂಬಾಲಿಸುವುದಿಲ್ಲ. ಗೈಡನ್ನು ಇಳಿಸುವುದು ಆಪರೇಟರ್. ಅವರು ಇಳಿಸದಿದ್ದರೆ ಗಾರ್ಡ್ ಮೇಲೆಯೇ ಉಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ಚಕ್ರದ ವ್ಯಾಸ 600 ಮಿಮೀ, ಚಕ್ರಗಳ ಕೇಂದ್ರಗಳ ನಡುವಿನ ದೂರ 1100 ಮಿಮೀ ಎಂದುಕೊಳ್ಳಿ. ಬ್ಲೇಡಿನ ಉದ್ದ 3.1416 × 600 + 2 × 1100, ಅಂದರೆ ಸುಮಾರು 4085 ಮಿಮೀ. ಗೈಡ್ ಟೇಬಲ್‌ನಿಂದ 300 ಮಿಮೀ ಎತ್ತರದಲ್ಲಿದೆ, ಜಾಬಿನ ದಪ್ಪ 40 ಮಿಮೀ. ಜಾಬಿನ ಮೇಲೆ 260 ಮಿಮೀ ಬ್ಲೇಡ್ ಬರಿದಾಗಿ ಓಡುತ್ತಿದೆ. ಗೈಡನ್ನು ಜಾಬಿಗಿಂತ 6 ಮಿಮೀ ಮೇಲಕ್ಕೆ ತಂದರೆ ಬರಿದಾದ ಭಾಗ ಆ 6 ಮಿಮೀ ಅಷ್ಟೇ. ಯಂತ್ರ ಅದೇ, ಗಾರ್ಡ್ ಅದೇ. ಸಾಮಾನ್ಯವಾಗಿ ಹೇಳುವ ಕಾಲು ಇಂಚಿನ ಅಂತರ ಇದೇ 6 ಮಿಮೀ.

ಗೈಡ್ ಇಳಿಸಿದರೆ ಕೊಯ್ತವೂ ಚೆನ್ನಾಗಿ ಬರುತ್ತದೆ. ಬ್ಲೇಡಿಗೆ ಆಸರೆ ಹತ್ತಿರ ಸಿಗುವುದರಿಂದ ಅದು ಕಡಿಮೆ ಬಾಗುತ್ತದೆ, ಗೆರೆ ಬಿಟ್ಟು ಹೋಗುವುದಿಲ್ಲ. ಸುರಕ್ಷತೆಯೂ ಕೆಲಸದ ಗುಣವೂ ಒಂದೇ ಹಿಡಿಕೆಯಲ್ಲಿ ಸೇರಿರುವುದು ನನಗೆ ಬಹಳ ಇಷ್ಟವಾದ ವಿಷಯ. ಹೊಸಬರಿಗೆ ಕಲಿಸುವಾಗ ಇದನ್ನೇ ಮೊದಲು ಹೇಳಬೇಕು ಅನಿಸುತ್ತದೆ.

ದಪ್ಪ ಒಂದೇ ಸಮ ಇಲ್ಲದ ಜಾಬ್ ಬಂದಾಗ ಜಾಗ್ರತೆ ಬೇಕು. ಒಂದು ತುದಿ 70, ಇನ್ನೊಂದು 40 ಮಿಮೀ ಇದ್ದರೆ ಗೈಡ್ 76ಕ್ಕೆ ನಿಲ್ಲಬೇಕು. ತೆಳು ತುದಿ ಬಂದಾಗ ಮೇಲೆ 36 ಮಿಮೀ ತೆರೆದಿರುತ್ತದೆ. ಬೆರಳು ಧಾರಾಳವಾಗಿ ಹೋಗುವಷ್ಟು ಜಾಗ ಅದು. ಗಾರ್ಡ್ ಸರಿಯಾಗಿ ಹೊಂದಿಸಿದ್ದರೂ ಇಲ್ಲಿ ತಳ್ಳುವ ಕೋಲು ಬೇಕೇ ಬೇಕು. ಗೈಡಿನ ಎತ್ತರ ಬದಲಿಸುವುದು ಬ್ಲೇಡ್ ನಿಂತ ಮೇಲೆ.

ಬಾಗಿಲಿನ ಲಾಕ್

ಬ್ಲೇಡ್ ಬದಲಿಸಲು ಚಕ್ರದ ಬಾಗಿಲು ತೆರೆಯಲೇಬೇಕು. ಸ್ಪ್ಯಾನರ್ ಇಲ್ಲದೆ ತೆರೆಯುವ ಬಾಗಿಲಾದರೆ ಅದಕ್ಕೆ ಇಂಟರ್‌ಲಾಕ್ ಸ್ವಿಚ್ ಹಾಕುತ್ತಾರೆ. ಬಾಗಿಲು ತೆರೆದರೆ ಮೋಟರಿನ ವಿದ್ಯುತ್ ಕಡಿತ. ಬಾಗಿಲು ತೆರೆದಿರುವಾಗ ಯಂತ್ರ ಶುರುವಾಗುವುದಿಲ್ಲ. ಇಷ್ಟು ಓದಿದಾಗ ಕೆಲಸ ಮುಗಿಯಿತು ಅನಿಸುತ್ತದೆ. ಮುಗಿದಿಲ್ಲ. ಸ್ವಿಚ್ ನಿಲ್ಲಿಸುವುದು ಮೋಟರಿನ ವಿದ್ಯುತ್ತನ್ನು, ಬ್ಲೇಡನ್ನಲ್ಲ.

ಹಂತ ಹಂತವಾಗಿ ನೋಡಿ. ಮರ ಕೊಯ್ಯುವ ಬ್ಲೇಡ್ ನಿಮಿಷಕ್ಕೆ 1200 ಮೀಟರ್ ಓಡುತ್ತಿದೆ ಎಂದುಕೊಳ್ಳಿ. ಅದು ಸೆಕೆಂಡಿಗೆ 20 ಮೀಟರ್. ವಿದ್ಯುತ್ ಕಡಿತವಾಯಿತು. ಚಕ್ರಗಳು ಭಾರ, ಬ್ರೇಕ್ ಇಲ್ಲ, ಪೂರ್ತಿ ನಿಲ್ಲಲು 60 ಸೆಕೆಂಡು ಬೇಕು ಎಂದಿಟ್ಟುಕೊಳ್ಳೋಣ. ವೇಗ ಒಂದೇ ಸಮನಾಗಿ ಇಳಿಯುತ್ತದೆ ಎಂದರೆ ಸರಾಸರಿ ಸೆಕೆಂಡಿಗೆ 10 ಮೀಟರ್. ವಿದ್ಯುತ್ ಹೋದ ಮೇಲೆಯೂ 600 ಮೀಟರ್ ಬ್ಲೇಡ್ ಹಾದುಹೋಗುತ್ತದೆ. 4085 ಮಿಮೀ ಬ್ಲೇಡಿಗೆ ಅದು ಸುಮಾರು 147 ಸುತ್ತು.

ಈಗ ಬಾಗಿಲಿನ ಕಡೆಯಿಂದ ಯೋಚಿಸಿ. ಬಾಗಿಲು ಎಳೆದ ಕ್ಷಣದಲ್ಲಿ ಸ್ವಿಚ್ ಬಿಟ್ಟಿತು. 3 ಸೆಕೆಂಡಿನ ನಂತರ ಕೈ ಒಳಗೆ ಹೋಯಿತು. ಆಗ ಬ್ಲೇಡಿನ ವೇಗ ಸೆಕೆಂಡಿಗೆ 19 ಮೀಟರ್. ಮೋಟರಿನ ಸದ್ದು ನಿಂತಿದೆ, ಬ್ಲೇಡ್ ಮಾತ್ರ ಹೆಚ್ಚುಕಡಿಮೆ ಪೂರ್ತಿ ವೇಗದಲ್ಲೇ ಇದೆ.

ಇದನ್ನೇ ಅಳತೆಯಾಗಿ ಹಿಡಿಯುವುದು ಐಎಸ್‌ಒ 13855 ಸೂತ್ರ: ದೂರ = ಕೈ ಬರುವ ವೇಗ × ನಿಲ್ಲಲು ಬೇಕಾದ ಸಮಯ + ಒಂದು ಹೆಚ್ಚುವರಿ ದೂರ. ಲಾಕ್ ಇಲ್ಲದ ಇಂಟರ್‌ಲಾಕ್ ಬಾಗಿಲಿಗೆ ವೇಗವನ್ನು ಸೆಕೆಂಡಿಗೆ 1600 ಮಿಮೀ ಎಂದು ತೆಗೆದುಕೊಳ್ಳುತ್ತಾರೆ. ಹೆಚ್ಚುವರಿ ದೂರವನ್ನು ಸದ್ಯಕ್ಕೆ ಬಿಡಿ. 60 ಸೆಕೆಂಡಿಗೆ 1600 × 60, ಅಂದರೆ 96 ಮೀಟರ್. ಬಾಗಿಲು ಚಕ್ರದಿಂದ 96 ಮೀಟರ್ ದೂರ ಇರಬೇಕು! ಬ್ರೇಕ್ ಹಾಕಿ 10 ಸೆಕೆಂಡಿಗೆ ಇಳಿಸಿದರೂ 16 ಮೀಟರ್. ನಿಜವಾದ ಯಂತ್ರದಲ್ಲಿ ಬಾಗಿಲಿನಿಂದ ಚಕ್ರಕ್ಕೆ 300 ಮಿಮೀ ಕೂಡ ಇರುವುದಿಲ್ಲ. ಲೆಕ್ಕವನ್ನು ತಿರುಗಿಸಿ ಹಾಕಿ: 300 ಮಿಮೀ ದೂರಕ್ಕೆ ಬ್ಲೇಡ್ 0.19 ಸೆಕೆಂಡಿನಲ್ಲಿ ನಿಲ್ಲಬೇಕು. ಈ ಚಕ್ರಗಳಿಗೆ ಅದು ಆಗದ ಮಾತು.

ಈ ಲೆಕ್ಕ ಮಾಡಿದ ಮೇಲೆಯೇ ನನಗೆ ವಿಷಯ ಸ್ಪಷ್ಟವಾದದ್ದು. ಬಾಗಿಲನ್ನು ದೂರ ಇಡಲಾಗದು, ಬ್ಲೇಡನ್ನು ಅಷ್ಟು ಬೇಗ ನಿಲ್ಲಿಸಲಾಗದು. ಉಳಿದಿರುವ ದಾರಿ ಒಂದೇ, ಬ್ಲೇಡ್ ನಿಲ್ಲುವವರೆಗೆ ಬಾಗಿಲನ್ನೇ ಬಿಡದಿರುವುದು. ಲಾಕ್ ಇರುವುದು ಅದಕ್ಕೆ. ಬ್ರೇಕ್ ಇದ್ದರೆ ಕಾಯುವ ಹೊತ್ತು ಕಡಿಮೆಯಾಗುತ್ತದೆ. ಹೊತ್ತು ಕಡಿಮೆಯಾದರೆ ಲಾಕನ್ನು ತುರ್ತಿಗೆಂದು ಇಟ್ಟ ಮೀಸಲು ಕೀಲಿಯಿಂದ ಬಿಡಿಸುವ ಆಸೆಯೂ ಕಡಿಮೆಯಾಗುತ್ತದೆ.

ಲಾಕ್ ಬಿಡುವುದು ಯಾವಾಗ? ಎರಡು ವಿಧಾನ ಇವೆ. ಒಂದು ಟೈಮರ್: ಆಫ್ ಆದ ಮೇಲೆ ಇಂತಿಷ್ಟು ಸೆಕೆಂಡು ಕಾದು ಬಿಡುತ್ತದೆ. ಬ್ರೇಕ್ ಲೈನಿಂಗ್ ಸವೆದರೆ ಚಕ್ರ ನಿಲ್ಲುವುದು ತಡವಾಗುತ್ತದೆ, ಟೈಮರಿಗೆ ಅದು ತಿಳಿಯುವುದಿಲ್ಲ. ಹಾಗಾಗಿ ಅತಿ ಕೆಟ್ಟ ಸಂದರ್ಭದ ಸಮಯಕ್ಕೆ ಅದನ್ನು ಇಡಬೇಕು. ಇನ್ನೊಂದು, ಚಕ್ರ ನಿಂತಿದೆಯೇ ಎಂದು ನೋಡುವ ಸೆನ್ಸರ್. ಇದರಲ್ಲಿ ಗಮನಿಸಬೇಕಾದದ್ದು ಸೆನ್ಸರ್ ಕೂತಿರುವ ಜಾಗ. ಮೋಟರಿನ ಶಾಫ್ಟಿನ ಮೇಲೆ ಇಟ್ಟರೆ, ಬೆಲ್ಟ್ ತುಂಡಾದಾಗ ಆಫ್ ಮಾಡಿದರೆ ಮೋಟರ್ ಬೇಗ ನಿಲ್ಲುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ. ಸೆನ್ಸರ್ "ನಿಂತಿದೆ" ಎನ್ನುತ್ತದೆ, ಲಾಕ್ ಬಿಡುತ್ತದೆ. ಬೆಲ್ಟ್ ತುಂಡಾದಾಗಲೇ ಜನ ಬಾಗಿಲು ತೆರೆಯುವುದು! ಆದ್ದರಿಂದ ಸೆನ್ಸರ್ ಚಕ್ರದ ಮೇಲೆಯೇ ನಿಗಾ ಇಡಬೇಕು.

ಇನ್ನೊಂದು ಪ್ರಶ್ನೆ: ಕರೆಂಟ್ ಹೋದರೆ ಏನಾಗುತ್ತದೆ? ವಿದ್ಯುತ್ ಇದ್ದಾಗ ಮಾತ್ರ ಹಿಡಿಯುವ ಲಾಕಾದರೆ, ಕರೆಂಟ್ ಹೋದ ಕ್ಷಣ ಬಾಗಿಲು ಬಿಡುತ್ತದೆ, ಚಕ್ರ ಇನ್ನೂ ತಿರುಗುತ್ತಿರುತ್ತದೆ. ಸ್ಪ್ರಿಂಗ್ ಹಿಡಿದು, ವಿದ್ಯುತ್ ಕೊಟ್ಟಾಗ ಬಿಡುವ ಲಾಕಾದರೆ ಬಾಗಿಲು ಮುಚ್ಚಿಯೇ ಇರುತ್ತದೆ. ಬ್ಯಾಂಡ್ ಸಾಗೆ ಬೇಕಾದದ್ದು ಎರಡನೆಯದು. ಕರೆಂಟ್ ಬಂದಾಗ ಯಂತ್ರ ತಾನಾಗಿ ಶುರುವಾಗದಂತೆ ನೋವೋಲ್ಟ್ ಸ್ವಿಚ್ ಬೇರೆ ಇರಬೇಕು.

ಸ್ವಿಚ್ಚಿಗೆ ಟೇಪ್ ಸುತ್ತಿ ಮೋಸ ಮಾಡುವುದರ ಬಗ್ಗೆ ಐಎಸ್‌ಒ 14119 ಮಾತಾಡುತ್ತದೆ. ಜನ ಹಾಗೆ ಯಾಕೆ ಮಾಡುತ್ತಾರೆ ಎಂದು ಮೊದಲು ನೋಡಿ ಎನ್ನುವುದು ಅದರ ದಾರಿ. ಬ್ಯಾಂಡ್ ಸಾದಲ್ಲಿ ಮುಖ್ಯ ಕಾರಣ ಟ್ರ್ಯಾಕಿಂಗ್: ಬ್ಲೇಡ್ ಚಕ್ರದ ಮೇಲೆ ಸರಿಯಾದ ಜಾಗದಲ್ಲಿ ಓಡುತ್ತಿದೆಯೇ ಎಂದು ನೋಡುವ ಆಸೆ. ಬಾಗಿಲು ಅಥವಾ ಪೆಟ್ಟಿಗೆಯಲ್ಲಿ ಪಾಲಿಕಾರ್ಬೊನೇಟ್ ಕಿಟಕಿ ಇಟ್ಟರೆ ಆ ಅಗತ್ಯವೇ ಇರುವುದಿಲ್ಲ. ಸುಮ್ನೆ ಎಚ್ಚರಿಕೆ ಫಲಕ ಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ಉಳಿದವು ಬೇಗ ಬೇಗ

ಅಡ್ಡ ಬ್ಯಾಂಡ್ ಸಾ, ಅಂದರೆ ಲೋಹದ ರಾಡ್ ಕತ್ತರಿಸುವ ಯಂತ್ರದಲ್ಲಿ ಗೈಡ್ ಎರಡು ಇರುತ್ತವೆ. ಸರಿಸಬಹುದಾದ ಗೈಡ್ ತೋಳನ್ನು ಜಾಬಿನ ಹತ್ತಿರ ತಂದರೆ ಮೇಲಿನ ಲೆಕ್ಕವೇ ಇಲ್ಲೂ ನಡೆಯುತ್ತದೆ. ತೋಳಿನ ಆಚೆಗಿನ ಬ್ಲೇಡಿಗೆ ಕವರ್ ಬೇಕು. ಆಟೊಮ್ಯಾಟಿಕ್ ಯಂತ್ರದಲ್ಲಿ ವೈಸ್ ಹಿಡಿಯುವಾಗ, ರಾಡ್ ಮುಂದೆ ಸರಿಯುವಾಗ ಕೈ ನುಜ್ಜಾಗುವ ಅಪಾಯ ಬೇರೆ. ಬ್ಲೇಡ್ ಗಾರ್ಡ್ ಅದನ್ನು ತಡೆಯುವುದಿಲ್ಲ, ಅದಕ್ಕೆ ಸುತ್ತಲ ಬೇಲಿ ಅಥವಾ ಲೈಟ್ ಕರ್ಟನ್ (ಬೆಳಕಿನ ಕಿರಣಕ್ಕೆ ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಸಾಧನ) ಬೇಕು.

ಲಂಬ ಯಂತ್ರದಲ್ಲಿ ಬ್ಲೇಡ್ ಜಾಬನ್ನು ಟೇಬಲ್ಲಿಗೆ ಒತ್ತುತ್ತದೆ. ಚಪ್ಪಟೆ ಜಾಬಿಗೆ ಇದು ಒಳ್ಳೆಯದು. ಗುಂಡಗಿನ ಜಾಬಾದರೆ ಅದೇ ಒತ್ತಡ ಅದನ್ನು ಹೊರಳಿಸುತ್ತದೆ, ಹಿಡಿದ ಕೈಯನ್ನೂ ಎಳೆಯುತ್ತದೆ. ವಿ ಆಕಾರದ ಬ್ಲಾಕಿನಲ್ಲಿ ಬಿಗಿದು ಕೊಯ್ಯಬೇಕು.

ಕೈಗವಸಿನ ಪ್ರಶ್ನೆ ಪರೀಕ್ಷೆಯಲ್ಲಿ ಜಾಸ್ತಿ ಗೊಂದಲ ಮಾಡುತ್ತದೆ. ಓಡುವ ಬ್ಲೇಡಿನ ಹತ್ತಿರ ಬೇಡ, ಹಲ್ಲಿಗೆ ಸಿಕ್ಕಿದರೆ ಕೈಯನ್ನೇ ಒಳಗೆಳೆಯುತ್ತದೆ. ಬ್ಲೇಡ್ ಬದಲಿಸುವಾಗ ಬೇಕು, ಜೊತೆಗೆ ಕನ್ನಡಕವೂ. ಮಡಚಿ ಕಟ್ಟಿದ ಹೊಸ ಬ್ಲೇಡಿನ ಕಟ್ಟು ಬಿಚ್ಚುವಾಗ ಸುರುಳಿ ಒಮ್ಮೆಲೇ ಅಗಲವಾಗಿ ತೆರೆದುಕೊಳ್ಳುತ್ತದೆ. ಮುಖದಿಂದ ದೂರ ಹಿಡಿದು, ಸುತ್ತ ಯಾರೂ ಇಲ್ಲ ಎಂದು ನೋಡಿ, ಒಂದು ಕೈಯಲ್ಲಿ ಸುರುಳಿಯನ್ನು ಬಿಗಿಯಾಗಿ ಹಿಡಿದೇ ಕಟ್ಟು ಬಿಚ್ಚಿ.